ತಾರೀಖು ಅಳಿಸುವ ಪಾಠ

ಮಾರ್ಚ್ 4, ಬೆಳಿಗ್ಗೆ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ಓಟ್ಸ್‌ನಲ್ಲಿ ಹುಳು ಇತ್ತು. ಒಂದೆರಡಲ್ಲ. ಜರಡಿ ಹಿಡಿದೆ, ಕುದಿಸಿದೆ, ಇವರಿಗೂ ಮಕ್ಕಳಿಗೂ ಬಡಿಸಿದೆ. ಚಿಕ್ಕವಳು ಇನ್ನೊಂದು ಸಲ ಹಾಕಿಸಿಕೊಂಡಳು.

ನಾನು ತಿನ್ನಲಿಲ್ಲ. ಹಸಿವಿಲ್ಲ ಎಂದೆ. ಬರೆಯದೇ ಬಿಡಬೇಕೆಂದಿದ್ದು ಈ ಮಾತನ್ನು, ಹುಳುವಿನದ್ದನ್ನಲ್ಲ.

ಆಮೇಲೆ ಎಂದಿನಂತೆ. ಊಟದ ಮೇಜು ಒರೆಸಿದರೆ ಅದೇ ಶಾಲೆ. ದೊಡ್ಡವಳಿಗೆ ಹದಿಮೂರು, ಬೀಜಗಣಿತ. ಚಿಕ್ಕವಳಿಗೆ ಎಂಟು, ಮಗ್ಗಿ. ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಬರೆಯುತ್ತಾರೆ. ಪ್ರಿಂಟರಿಗೆ ಇಂಕು ಹಾಕಿಸುವ ಮಾತೇ ಇಲ್ಲ. ಸಿಂಕಿನಲ್ಲಿ ನಿನ್ನೆಯ ಅಂಟಿನ ಬಟ್ಟಲು, ಅದಕ್ಕೆ ಮೆತ್ತಿಕೊಂಡ ಇವತ್ತಿನ ಗಂಜಿ. ಪಾತ್ರೆ ತಿಕ್ಕುವ ಸ್ಪಂಜು ಲೋಳೆ ಲೋಳೆ. ಮೂಸಿ ನೋಡಿದೆ. ಮೂಸಬಾರದಿತ್ತು.

ಓಟ್ಸ್ ಪ್ಯಾಕೆಟ್ಟಿನ ಮೇಲೆ ತಾರೀಖು ನೋಡಿದೆ. ನವೆಂಬರಿನ ತನಕ ಇದೆ. ಹಾಗಾದರೆ ನನ್ನ ಡಬ್ಬಿಯದೇ ತಪ್ಪು. ಎಲ್ಲ ಡಬ್ಬಿಗಳನ್ನೂ ಕುದಿನೀರಿನಲ್ಲಿ ತೊಳೆದೆ. ಗ್ಯಾಸು ದಂಡ.

ಮಾರ್ಚ್ 6

ಈ ತಿಂಗಳ ಪೋಸ್ಟ್ ಹಾಕಿದೆ. ಮಕ್ಕಳನ್ನು ಮನೆಯಲ್ಲೇ ಓದಿಸುವವರ ಗ್ರೂಪಿನಲ್ಲಿ ‘ಕೈಯಳತೆಯ ಮನೆ’ ಎಂದು ತಿಂಗಳಿಗೊಂದು ಬರೆಯುತ್ತೇನೆ. ಸೋಪನ್ನು ಅರ್ಧ ಕತ್ತರಿಸಿ ಇಡುವುದು, ಒಂದು ಪುಸ್ತಕವನ್ನು ನಾಲ್ಕು ಮನೆ ಸುತ್ತಿಸುವುದು, ಇಂಥವು. ಕೆಳಗೆ ಹೃದಯದ ಚಿತ್ರಗಳು ಸಾಲುಸಾಲು. ನನಗೆ ‘ಉಳಿತಾಯದ ಅಕ್ಕ’ ಎಂದು ಹೆಸರೇ ಬಿದ್ದಿದೆ.

ನಿಜ ಇಷ್ಟೇ — ನಮ್ಮ ಮನೆ ನಡೆಯುತ್ತಿರುವುದು ಭಾವನಿಂದ. ಇವರು ಮಕ್ಕಳಿಗೆ ಕಲಿಸಬೇಕೆಂದು ಕೆಲಸ ಬಿಟ್ಟಾಗ ಇವರ ಅಣ್ಣ ಒಂದು ಮಾತೂ ಆಡಲಿಲ್ಲ. ತನ್ನ ದಿನಸಿ ಅಂಗಡಿಯಿಂದ ತಿಂಗಳಿಗೊಂದು ದೊಡ್ಡ ಪೆಟ್ಟಿಗೆ ಕಳಿಸತೊಡಗಿದರು. ಬಿಸ್ಕತ್ತು, ಸಾಸು, ಓಟ್ಸ್, ಹಾಲಿನ ಪುಡಿ. ಪುಕ್ಕಟೆ. ದೊಡ್ಡವಳು ವಾರಕ್ಕೆರಡು ಮಧ್ಯಾಹ್ನ ಅಂಗಡಿಯ ಹಿಂದಿನ ಗೋಡೌನಿಗೆ ಹೋಗಿ ಕೆಲಸಕ್ಕೆ ಕೈಜೋಡಿಸುತ್ತಾಳೆ. ಇವರ ಭಾಷೆಯಲ್ಲಿ ಅದು ‘ಪ್ರಾಕ್ಟಿಕಲ್’.

ಗ್ರೂಪಿನವರಿಗೂ ಅಲ್ಲಿಂದಲೇ ಸೋವಿಯಲ್ಲಿ ಒಟ್ಟಿಗೆ ತರಿಸಿ ಹಂಚುತ್ತೇನೆ. ಕಳೆದ ತಿಂಗಳು ಶುರು ಮಾಡಿದ್ದು. ಈ ತಿಂಗಳದ್ದು 29ಕ್ಕೆ. ಬೇಕಾದವರು ಹೆಸರು ಹಾಕಿ ಎಂದೆ. ಸಂಜೆಯೊಳಗೆ ಬಹುತೇಕ ಎಲ್ಲರೂ ಹಾಕಿದರು.

ಮಾರ್ಚ್ 11, ಸಂಜೆ

ನಿಧಾನವಾಗಿ ಬರೆಯಬೇಕು.

ಗೋಡೌನಿನಿಂದ ಬಂದ ದೊಡ್ಡವಳ ಬೆರಳು ಘಾಟು ಹೊಡೆಯುತ್ತಿತ್ತು. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ. ಕದ್ದು ಹಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕೇಳಿದೆ. ನಕ್ಕಳು.

“ನೇಲ್ ಪಾಲಿಶ್ ಎಲ್ಲಿಂದ ಬರ್ಬೇಕಮ್ಮ? ನಮ್ಮನೇಲಿ ಸೋಪೇ ಪೂರ್ತಿ ನೋಡಿಲ್ಲ.”

“ಮತ್ತೇನಿದು?”

ಚೀಲದಿಂದ ಒಂದು ಸಣ್ಣ ಬಾಟಲಿ, ಹತ್ತಿ, ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದಳು. ಪಾಠ ಒಪ್ಪಿಸುವವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಉಜ್ಜಬಾರ್ದು. ಉಜ್ಜಿದ್ರೆ ಕವರಿನ ಹೊಳಪು ಹೋಗುತ್ತೆ, ಗೊತ್ತಾಗಿಬಿಡುತ್ತೆ. ಒತ್ತಿ ಎತ್ತಬೇಕು. ನೋಡು.”

ಒತ್ತಿದಳು, ಎತ್ತಿದಳು. ಹತ್ತಿ ಕಪ್ಪಾಯಿತು. ಪೊಟ್ಟಣದ ಮೇಲಿದ್ದ ತಾರೀಖು ಹೋಗಿತ್ತು. ಚೊಕ್ಕ. ಹುಟ್ಟಿದಾಗಿನಿಂದ ಅಲ್ಲಿ ಏನೂ ಇರಲೇ ಇಲ್ಲ ಎಂಬಂತೆ.

“ಆಮೇಲೆ ಸೀಲು. ತಿರುಗಿಸೋ ಅಂಕೆ ಇರುತ್ತಲ್ಲ, ಅದು. ಸೊಟ್ಟ ಹೊಡೀಬಾರ್ದು. ದೊಡ್ಡಪ್ಪ ಉಜ್ಜಿ ಉಜ್ಜಿ ಎಷ್ಟೊಂದು ಹಾಳು ಮಾಡಿದ್ರು! ಒತ್ತೋದು ನಾನೇ ಕಂಡುಹಿಡಿದಿದ್ದು.”

ಆ ಕೊನೆಯ ಮಾತಿನಲ್ಲಿದ್ದ ಹೆಮ್ಮೆ... ನಾವೇ ಕಲಿಸಿದ್ದು. ಯಾರೋ ಹೇಳಿದ್ದನ್ನು ಮಾಡಬೇಡ, ನೀನೇ ದಾರಿ ಹುಡುಕು ಎಂದು.

“ಇದು ಮೋಸ ಅಂತ ನಿಂಗೆ ಗೊತ್ತಿತ್ತಾ?”

ಬಾಟಲಿಯ ಮುಚ್ಚಳ ತಿರುಗಿಸಿದಳು. “ಗೊತ್ತಿತ್ತು... ಸ್ವಲ್ಪ. ಏನೂ ಆಗಲ್ಲ ಅಂದ್ರು ದೊಡ್ಡಪ್ಪ. ನಾವೂ ಅದನ್ನೇ ತಿಂತೀವಲ್ಲಮ್ಮ. ನೀನು ಓಟ್ಸ್ ಜರಡಿ ಹಿಡಿದಿದ್ದು ನಾನು ನೋಡ್ದೆ.”

“ನಾವು ತಿಂದ್ವಿ, ಸರಿ. ಆದ್ರೆ ಬೇರೆಯವರಿಗೆ—”

“ತಿಂದಿದ್ದು ನಾನು, ಅಪ್ಪ, ಪುಟ್ಟಿ. ನೀನು ತಿನ್ಲಿಲ್ಲ.”

ಎದ್ದು ಸ್ಪಂಜು ಬಿಸಾಡಿದೆ. ಕೈ ತೊಳೆದೆ. ಮತ್ತೆ ತೊಳೆದೆ.

ಮಾರ್ಚ್ 12

ಇವರಿಗೆ ಹೇಳಿದೆ. ಮುಖ ಬಿಳಿಚಿಕೊಂಡಿತು. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ದೊಡ್ಡವಳ ಕಲಿಕೆಯ ಫೈಲು ತೆಗೆದು ನೋಡಿದರು. ಅದರಲ್ಲಿ ಇವರದೇ ಅಕ್ಷರ: ‘ಸರಕು ನಿರ್ವಹಣೆ. ಸೂಕ್ಷ್ಮ ಕೈಗೆಲಸ. ಏಕಾಗ್ರತೆ ಗಮನಾರ್ಹ.’

“ಅಣ್ಣನ ಹತ್ರ ಇವತ್ತೇ ಮಾತಾಡ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಒಂದು ಗಂಟೆಯ ನಂತರ ಬಂದರು. ಎರಡೂ ಕೈಯಲ್ಲಿ ಪೆಟ್ಟಿಗೆ. ಬಾಗಿಲು ತೆಗೆಯಲು ಕೈ ಬಿಡುವಿಲ್ಲದೆ ಮೊಣಕೈಯಿಂದ ಬೆಲ್ ಒತ್ತಿದ್ದರು.

“ಇದೇನು?”

“ಅವನು ಕೊಟ್ಟ. ಬೇಡ ಅನ್ನಕ್ಕಾಗ್ಲಿಲ್ಲ. ಇನ್ಮೇಲೆ ಅವಳ ಕೈಲಿ ಮಾಡ್ಸಲ್ವಂತೆ.”

“ಅವಳ ಕೈಲಿ ಮಾಡ್ಸಲ್ಲ. ಮತ್ತೆ ಯಾರ ಕೈಲಿ?”

“ಎಲ್ಲಾ ಅಂಗಡಿಯವರೂ ಮಾಡ್ತಾರಂತೆ ಕಣೇ...”

ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟರು. ಪಾಠಕ್ಕೆ ಹರಡಿದ್ದ ಭೂಪಟದ ಮೇಲೆ. ಚಿಕ್ಕವಳು ಚಪ್ಪಾಳೆ ತಟ್ಟಿದಳು. ಹದಿನಾರು ವರ್ಷದ ಸಂಸಾರದಲ್ಲಿ ಇವರನ್ನು ಕಂಡು ಹೇಸಿಗೆಯಾದದ್ದು ಇದೇ ಮೊದಲು. ಪೆಟ್ಟಿಗೆಯೊಳಗೆ ಏನಿದೆ ಎಂದು ಇಣುಕಿದೆನಲ್ಲ, ಆಗ ನನ್ನನ್ನು ಕಂಡೂ ಆಯಿತು.

ಮಾರ್ಚ್ 19, ಸಂಜೆ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದು ಏನೂ ಮಾಡಿಲ್ಲ, ಅದಕ್ಕೆ. ಮಗಳನ್ನು ಗೋಡೌನಿಗೆ ಕಳಿಸುವುದು ನಿಲ್ಲಿಸಿದೆ. ಅಷ್ಟು ಮಾಡಿ ದೊಡ್ಡ ಕೆಲಸ ಮಾಡಿದವಳಂತೆ ಓಡಾಡಿಕೊಂಡಿದ್ದೆ. ಪೆಟ್ಟಿಗೆಯ ಸಾಸು ಮುಗಿಯುತ್ತ ಬಂದಿದೆ. ಹೌದು, ತಿಂದೆವು. ಈ ಸಲ ನಾನೂ ತಿಂದೆ. ಅದರಿಂದ ಏನೋ ಸರಿಹೋಗುತ್ತದೆ ಎಂಬ ಹಾಗೆ.

ಬೆಳಿಗ್ಗೆ ಅವಳಿಗಳ ತಾಯಿಯ ಫೋನು ಬಂತು. ಗ್ರೂಪಿನವಳು. ದೊಡ್ಡ ಮಗನಿಗೆ ಮನೆಯಲ್ಲೇ ಪಾಠ, ಕೆಳಗೆ ಎರಡು ವರ್ಷದ ಅವಳಿಗಳು. ಕಳೆದ ತಿಂಗಳು ನನ್ನಿಂದಲೇ ಹಾಲಿನ ಪುಡಿ ತರಿಸಿಕೊಂಡಿದ್ದಳು.

“ಅಕ್ಕ, ಈ ಸಲ ನಂಗೆ ಎರಡು ಡಬ್ಬಿ ಜಾಸ್ತಿ ಹಾಕ್ಕೊಳ್ಳಿ. ನಿಮ್ಮಿಂದ ಬಚಾವಾದೆ ನಾನು.”

“ಮಕ್ಕಳು ಹೇಗಿದ್ದಾರೆ?”

“ಒಬ್ಬನಿಗೆ ಮೊನ್ನೆಯಿಂದ ಹೊಟ್ಟೆ ಸರಿ ಇಲ್ಲ. ಹಲ್ಲು ಬರ್ತಿರ್ಬೇಕು, ಬಿಡಿ. ಇನ್ನೊಬ್ಬ ಗುಂಡುಕಲ್ಲು!”

ಹಲ್ಲೇ ಇರಬಹುದು. ಹುಳು ಕಂಡಾಗ ನನ್ನ ಡಬ್ಬಿಯದೇ ತಪ್ಪು ಎಂದುಕೊಂಡೆನಲ್ಲ, ಹಾಗೇ.

“ಆ ಪುಡಿ ಕೊಡ್ಬೇಡಿ,” ಎಂದೆ. “ಅದು... ಬೇರೆ ಸ್ಟಾಕ್ ಜೊತೆ ಕಲೆತುಹೋಗಿದೆಯಂತೆ. ನಾನು ಬೇರೆ ತಂದ್ಕೊಡ್ತೀನಿ.”

ಬೇರೆ ಅಂಗಡಿಯಿಂದ ಹೊಸ ಡಬ್ಬಿ ಕೊಂಡು ಅವಳ ಬಾಗಿಲಿಗೆ ಮುಟ್ಟಿಸಿ, ಹಳೆಯದನ್ನು ಹಿಂದಕ್ಕೆ ತಂದೆ. ತಳದಲ್ಲಿ ಎರಡು ಚಮಚ ಉಳಿದಿತ್ತು. ಹಳದಿಗಟ್ಟಿದ ಉಂಡೆಗಳು. ಮೂಸಿದೆ. ಹಳೆಯ ಎಣ್ಣೆಯ ಕಮಟು. ಡಬ್ಬಿಯ ತಳದಲ್ಲಿ ಸೀಲು — ನೆಟ್ಟಗೆ, ಒಂದಿಷ್ಟೂ ಸೊಟ್ಟವಿಲ್ಲ.

ಮಾರ್ಚ್ 20

ಅವಳು ಗ್ರೂಪಿನಲ್ಲಿ ಬರೆದಿದ್ದಾಳೆ. ‘ಒಂದು ಸಣ್ಣ ಅನುಮಾನ ಬಂದಿದ್ದಕ್ಕೆ ಅಕ್ಕ ತಮ್ಮ ಕೈಯಿಂದ ಕೊಂಡು ಮನೆಗೇ ತಂದುಕೊಟ್ಟರು. ಇಂಥವರು ಎಲ್ಲಿ ಸಿಗ್ತಾರೆ?’ ಕೆಳಗೆ ಹೃದಯ, ಹೃದಯ, ಹೃದಯ. ಇನ್ನೂ ನಾಲ್ಕು ಮನೆಯವರು ಈ ತಿಂಗಳ ಆರ್ಡರಿಗೆ ಹೆಸರು ಹಾಕಿದ್ದಾರೆ.

ಮಗುವಿನ ಹೊಟ್ಟೆ ಸರಿಯಾಯಿತಂತೆ.

ಒಬ್ಬಳು ಬರೆದಿದ್ದಾಳೆ: ‘ಮಕ್ಕಳು ಇವರನ್ನು ನೋಡಿ ಕಲಿಯಬೇಕು.’ ಫೋನನ್ನು ಮಗುಚಿಟ್ಟು ಕಸದ ಬುಟ್ಟಿ ತೊಳೆಯಲು ಹೋದೆ. ಅದಾದರೂ ನಾರುವುದನ್ನು ಮುಚ್ಚಿಡುವುದಿಲ್ಲ.

ಮಾರ್ಚ್ 24, ಮಧ್ಯಾಹ್ನ

ಅಂಗಡಿಗೆ ನಾನೇ ಹೋದೆ. ಭಾವ ಚೀಲ ಹೊಲಿಸುತ್ತ ನಿಂತಿದ್ದರು.

“ಏನ್ ಟೀಚರಮ್ಮ, ಇನ್‌ಸ್ಪೆಕ್ಷನ್ನಾ? ಕುರ್ಚಿ ಹಾಕ್ರೋ!”

“29ಕ್ಕೆ ಹಂಚೋ ಮಾಲು ಯಾವುದು, ಭಾವ?”

“ಒಳ್ಳೇದೇ.”

“ತಾರೀಖು?”

“ಒಳ್ಳೇ ತಾರೀಖೇ!” ಜೋರಾಗಿ ನಕ್ಕರು. ನಾನು ನಗದಿದ್ದಾಗ ಹತ್ತಿರ ಬಂದು ದನಿ ತಗ್ಗಿಸಿದರು. “ನೋಡಮ್ಮ, ತಾರೀಖು ಅನ್ನೋದು ಕಂಪನಿಯವರು ಹೆದರ್ಕೊಂಡು ಹಾಕೋದು. ಅದಾದ ಮಾರನೇ ದಿನ ವಿಷ ಆಗಿಬಿಡುತ್ತಾ? ನಿಮ್ಮನೆಗೆ ಅದನ್ನೇ ಕೊಟ್ಟೆ. ನಮ್ಮನೇಲೂ ಅದೇ.”

“ನಿಮ್ಮನೇಲೂ ಅದೇನಾ, ಅಕ್ಕ?” ಎಂದು ಗಲ್ಲಾದ ಹಿಂದೆ ಕೂತ ಓರಗಿತ್ತಿಯನ್ನು ಕೇಳಿದೆ.

ಅವರು ತಲೆ ಎತ್ತಲಿಲ್ಲ. ಚಿಲ್ಲರೆ ಜೋಡಿಸುತ್ತಿದ್ದವರು ಜೋಡಿಸುತ್ತಲೇ ಇದ್ದರು.

“ಈ ಮಾಲು ನಾನು ಹಂಚಲ್ಲ, ಭಾವ. ಎಲ್ಲರಿಗೂ ಹೇಳ್ತೀನಿ. ಹೋದ ತಿಂಗಳದ್ದೂ ಸೇರಿಸಿ.”

ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಚೀಲದ ಧೂಳನ್ನು ಅಂಗಿಯ ಮೇಲಿಂದ ಕೊಡವಿಕೊಂಡರು.

“ಹೇಳು. ನಂದೇನು, ಇನ್ನೊಂದು ನಾಲ್ಕು ಅಂಗಡಿಗೆ ಹಾಕ್ತೀನಿ. ಪೆಟ್ಟಿಗೆ ನಿಲ್ಲುತ್ತೆ, ನನ್ನ ತಮ್ಮ ಮತ್ತೆ ಹೊರಗೆ ದುಡಿಯೋಕೆ ಹೋಗ್ಬೇಕಾಗುತ್ತೆ, ನಿಮ್ಮ ಮನೆಯ ಶಾಲೆಗೆ ಬೀಗ. ಅದು ನಿಮ್ಮಿಷ್ಟ. ಆದ್ರೆ ಬರೆಯೋದಾದ್ರೆ ಪೂರ್ತಿ ಬರಿ. ಸೀಲು ಹೊಡೆದ ಕೈ ಯಾರ್ದು ಅಂತಾನೂ.”

ದಾರಿಯುದ್ದಕ್ಕೂ ಬಾಯಲ್ಲಿ ಆ ಕಮಟು.

ಮಾರ್ಚ್ 26

ಪೋಸ್ಟ್ ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಇವರು ಓದಿ, ಫೋನನ್ನು ನನ್ನ ಕೈಗೆ ಕೊಟ್ಟರು. “ಆರ್ಡರ್ ಹಂಚಿ ಆಗ್ಲಿ. ಒಂದನೇ ತಾರೀಖಿಗೆ ಹಾಕು. ಅಷ್ಟರಲ್ಲಿ ನಾನು ಏನಾದ್ರೂ ಕೆಲಸ ನೋಡ್ಕೋತೀನಿ.”

“ಹಂಚಿ ಆದ್ಮೇಲೆ ಏನಂತ ಹಾಕ್ಲಿ? ಚೆನ್ನಾಗಿತ್ತಾ ಅಂತಾನಾ?”

“ನಾನೊಬ್ಬ ಹೇಡಿ ಅಲ್ವಾ?” ಎಂದರು. ಅಲ್ಲ ಎನ್ನಬೇಕಿತ್ತು. “ನಾವಿಬ್ಬರೂ,” ಎಂದೆ.

ದೊಡ್ಡವಳು ನನ್ನ ಭುಜದ ಮೇಲಿಂದ ಓದಿದಳು.

“ಅಂಗಡಿಯಲ್ಲಿ ಅಳಿಸಿದ್ದಾರೆ ಅಂತ ಬರ್ದಿದ್ದೀಯ. ನಾನೆಲ್ಲಿ?”

“ನಿನ್ನ ಹೆಸರು ಬೇಡ.”

“ಯಾಕೆ?”

“ನೀನು ಚಿಕ್ಕವಳು. ದೊಡ್ಡವರು ಹೇಳಿದ್ದು ಮಾಡ್ದೆ.”

“ಹಂಗಾದ್ರೆ ಒತ್ತೋದು ಕಂಡುಹಿಡಿದಿದ್ದು ಯಾರು?” ಈ ಸಲ ಆ ಮಾತಿನಲ್ಲಿ ಹೆಮ್ಮೆ ಇರಲಿಲ್ಲ. “ಆ ಪಾಪುದು ಹೊಟ್ಟೆ ನಾನೇ ಕೆಡಿಸಿದ್ನಾ, ಅಮ್ಮ?”

“ಗೊತ್ತಿಲ್ಲ.”

ಇಲ್ಲ ಎಂದು ಹೇಳಬಹುದಿತ್ತು. ಯಾವ ತಾಯಿಯಾದರೂ ಹೇಳುತ್ತಿದ್ದಳು. ಹೇಳಲಿಲ್ಲ. ಅದು ಸರಿಯೋ ಕ್ರೂರವೋ, ಗೊತ್ತಿಲ್ಲ. ಅವಳು ನನ್ನ ಪಕ್ಕದಲ್ಲೇ ಕೂತಳು, ಎದ್ದು ಹೋಗಲಿಲ್ಲ.

ಅವಳ ಹೆಸರು ಬಿಟ್ಟದ್ದು ಅವಳನ್ನು ಕಾಯಲೋ, ‘ಇಂಥ ಮಗಳನ್ನು ಬೆಳೆಸಿದವಳು’ ಎನ್ನಿಸಿಕೊಳ್ಳದಿರಲೋ? ಕೇಳಿಕೊಂಡೆ. ಎರಡೂ. ಎರಡನೆಯದೇ ತೂಕ ಹೆಚ್ಚು.

ಕೊನೆಗೆ ಹೀಗೆ ಬರೆದೆ: ‘ಈ ಕೆಲಸದಲ್ಲಿ ನಮ್ಮ ಮನೆಯವರ ಕೈಯೂ ಇದೆ. ಮಗುವನ್ನು ಅಲ್ಲಿಗೆ ಕಳಿಸಿದವಳು ನಾನು. ತಿಳಿದ ಮೇಲೂ ಸುಮ್ಮನಿದ್ದವಳು ನಾನು. ಹಾಲಿನ ಪುಡಿ ಕಲೆತುಹೋಗಿದೆ ಎಂದದ್ದು ಸುಳ್ಳು.’ ಅವಳು ಓದಿ ತಲೆಯಾಡಿಸಿದಳು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಮಾರ್ಚ್ 27, ಮಧ್ಯಾಹ್ನ

ಬೆಳಿಗ್ಗೆ ಪಾಠ ಇಲ್ಲ. ನಾಲ್ವರೂ ಸೇರಿ ಕಪಾಟು ಬರಿದು ಮಾಡಿದೆವು. ಎಲ್ಲ ಕತ್ತರಿಸಿ, ಸುರಿದು, ಕಸಕ್ಕೆ. ಯಾರೂ ಎತ್ತಿಕೊಂಡು ತಿನ್ನದ ಹಾಗೆ ಮೇಲಿಂದ ಸೋಪಿನ ನೀರು. ಮನೆಯೆಲ್ಲ ಸಿಹಿಯಾಗಿ ಕೊಳೆತ ವಾಸನೆ. ಚಿಕ್ಕವಳು ಬಿಸ್ಕತ್ತಿಗಾಗಿ ಅತ್ತಳು. ಇವರು ಅವಳನ್ನು ಎತ್ತಿಕೊಂಡು ಅನ್ನ ಕಲಸಿ ತಿನ್ನಿಸಿದರು. ನಾಳೆ ಒಂದು ಟ್ಯುಟೋರಿಯಲ್ಲಿನಲ್ಲಿ ಕೆಲಸ ಕೇಳಲು ಹೋಗುತ್ತಾರಂತೆ. ಬೆಳಿಗ್ಗೆಯಿಂದ ಸಂಜೆಯ ತನಕದ ಕೆಲಸ. ಸಿಕ್ಕರೆ ಪಾಠವೆಲ್ಲ ನನ್ನ ತಲೆಗೆ. ಸಿಗದಿದ್ದರೆ... ನಾನೂ ಹೊರಗೆ ದುಡಿಯಬೇಕು, ಮಕ್ಕಳಿಗೆ ಜೂನಿನಲ್ಲಿ ಶಾಲೆ. ನೋಡೋಣ.

ಪೋಸ್ಟ್ ಈಗಲೇ ಹಾಕಿಬಿಡಬಹುದು. ಆದರೆ ಅವಳಿಗಳ ತಾಯಿ ಅದನ್ನು ಫೋನಿನಲ್ಲಿ ಓದಿ ತಿಳಿಯಬಾರದು. ಅವಳಿಗೆ ಬಾಯಿಬಿಟ್ಟು ಹೇಳಬೇಕು, ಎದುರು ನಿಂತು. ಸಂಜೆ ಐದಕ್ಕೆ ಬರುತ್ತೇನೆ ಎಂದಿದ್ದೇನೆ. “ಬನ್ನಿ ಅಕ್ಕ, ಕಾಫಿ ಕುಡಿಯೋಣ,” ಎಂದಳು.

ಇದೂ ಮುಂದೂಡುವ ಇನ್ನೊಂದು ನೆಪವೇ? ಇರಬಹುದು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ದೊಡ್ಡವಳು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಬಾ ಎಂದು ನಾನು ಕರೆದಿಲ್ಲ. ಬೇಡ ಎಂದೂ ಹೇಳಲಾರೆ.

ಹೋಗಿ ಬಂದ ಮೇಲೆ ಏನೇ ಆಗಲಿ, ಪೋಸ್ಟ್ ಹಾಕುವುದು ಹಂಚುವ ಹಿಂದಿನ ದಿನ, ಬೆಳಿಗ್ಗೆ ಎಲ್ಲರೂ ಏಳುವ ಮೊದಲು. ಮಾರ್ಚ್ 28.