ಕಲ್ಲಿನ ಮೇಲೆ ಕೂತ ಕಾರು

ಮೂಕಂಡಪಲ್ಲಿ, ಹೊಸೂರು
14-11-1983, ಕಾರ್ತಿಕ ಸೋಮವಾರ

ಪ್ರೀತಿಯ ತಮ್ಮ ಚೆನ್ನಕೇಶವನಿಗೆ ನಿನ್ನ ಅಕ್ಕನ ಆಶೀರ್ವಾದ.

ಮಸ್ಕತ್ತಿನ ಬಿಸಿಲು ಈಗಲಾದರೂ ತಗ್ಗಿತೇ? ಹೊಟ್ಟೆನೋವೆಂದು ಬರೆದಿದ್ದೆಯಲ್ಲ, ಮಜ್ಜಿಗೆ ಸಿಗದಿದ್ದರೆ ಮೆಂತ್ಯವನ್ನಾದರೂ ನೆನೆಸಿ ಕುಡಿ. ನಿನ್ನ ಭಾವ ಕ್ಷೇಮ. ನನಗಂತೂ ದೇವರ ಮುಂದೆ ದೀಪ ಹಚ್ಚಲೂ ನಾಚಿಕೆಯಾಗುತ್ತಿದೆ.

ಬೆಂಗಳೂರಿನ ಬಿಳಿ ದೊರೆಯಿಂದ ಆಸೆಪಟ್ಟು ಕೊಂಡು, ನಮ್ಮ ಮನೆಯಲ್ಲಿ ಬಿಟ್ಟುಹೋದೆಯಲ್ಲ ಆ ಮುಸ್ತಾಂಗ್ ಕಾರು, ಅದನ್ನು ನಿನ್ನನ್ನು ಕೇಳದೆ ಎತ್ತರ ಮಾಡಿಸಿಬಿಟ್ಟೆ. "ಓಡಿಸ್ಕೋ ಅಕ್ಕಾ, ಆದ್ರೆ ಅದರ ಮೈ ಮುಟ್ಟಬೇಡ" ಎಂದು ಕೈಮುಗಿದು ಹೇಳಿಹೋಗಿದ್ದೆ. ಮಗಳು ಭಾಗ್ಯಳ ನಿಶ್ಚಿತಾರ್ಥಕ್ಕೆ ಡೆಂಕಣಿಕೋಟೆ ಕಡೆಯ ಬೀಗರ ಊರಿಗೆ ಅದರಲ್ಲೇ ಹೋದೆವು. ಆ ಊರ ನಡುಬೀದಿಯಲ್ಲಿ ಕರುವುಗಲ್ಲಿದೆ, ಊರಿನ ಹೊಕ್ಕುಳೆಂದು ಪೂಜಿಸುವ ಗಿಡ್ಡ ಕಲ್ಲು. ಅದರ ಬಲಗಡೆ ದಾರಿ ಸಲೀಸಾಗಿತ್ತು, ಎಡಗಡೆ ಚರಂಡಿ ತೋಡಿದ್ದರು. ಶುಭಕಾರ್ಯಕ್ಕೆ ಹೋಗುವಾಗ ಅಪ್ರದಕ್ಷಿಣೆ ಬೇಡ, ಕಲ್ಲು ನಮ್ಮ ಬಲಕ್ಕೇ ಇರಲಿ ಎಂದು ನಾನೇ ಹಟ ಹಿಡಿದೆ. ಡ್ರೈವರ್ ಮುನಿಯಲ್ಲಪ್ಪ "ಅಮ್ಮಾ, ತಗ್ಗಿನ ಗಾಡಿ, ತಗಲ್ತದೆ" ಅಂದ. ಕೇಳಲಿಲ್ಲ. ಚರಂಡಿಗೆ ಹೆದರಿ ಅವನು ಚಕ್ರ ತಿರುಗಿಸಿದ್ದೇ ತಡ, ಕಾರಿನ ಹೊಟ್ಟೆ ಕಲ್ಲಿನ ಮೇಲೆಯೇ ಕೂತಿತು, ಅರಿಸಿನ ಕುಂಕುಮದ ಸಮೇತ. ಊರೇ ಸೇರಿ ತಳ್ಳಿತು. ಹುಡುಗನ ಸೋದರತ್ತೆ ಗಂಗರತ್ನಮ್ಮ ಜಗಲಿಯ ಮೇಲಿಂದಲೇ, "ಏನಮ್ಮೋ, ನಿಮ್ ಕಾರು ಕಾವಿಗೆ ಕೂತ್ಬುಟ್ಟೈತೆ! ಮರಿ ಎಷ್ಟು ಮಾಡ್ತೈತೋ?" ಎಂದಳು. ನಗದವರಿಲ್ಲ. ಭಾಗ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ಮಾತು ನನ್ನನ್ನು ಬಿಡಲಿಲ್ಲ. ಮದುವೆಗೆ ಅದೇ ಬೀದಿಯಲ್ಲಿ ತಲೆಯೆತ್ತಿ ಹೋಗಬೇಕೆಂದು ಲಾರಿ ರಿಪೇರಿಯವನ ಹತ್ತಿರ ಹಿಂದೆ ಕಮಾನು ಪಟ್ಟಿ ಸೇರಿಸಿ, ಮುಂದೆ ಸ್ಪ್ರಿಂಗಿನ ಕೆಳಗೆ ಕಬ್ಬಿಣದ ಬಿಲ್ಲೆ ಕೊಡಿಸಿದೆ. ಕಾರು ಆರು ಬೆರಳು ಮೇಲೆದ್ದಿತು. ನಿನ್ನ ಕಾರು ಈಗ ಬೆದರಿದ ಗೂಳಿಯ ಹಾಗೆ ನಿಂತಿದೆ, ನೋಡಿದರೆ ನೀನು ಅಳುತ್ತೀಯ.

ಅದೂ ಹೋಗಲಿ. ಮಂಡಿನೋವಿನ ನಮ್ಮಮ್ಮ ಯಾರ ಕೈಯೂ ಹಿಡಿಯದೆ ಕೂರುತ್ತಿದ್ದದ್ದು ಅದೊಂದೇ ಗಾಡಿಯಲ್ಲಿ, ಅದು ತಗ್ಗಿದ್ದುದರಿಂದ. ಹೋದ ಸೋಮವಾರ ಬೆಟ್ಟದ ಈಶ್ವರನಿಗೆ ದೀಪ ಹಚ್ಚಲು ಹೊರಟು, ಹಳೆಯ ಅಭ್ಯಾಸದಂತೆ ಹಿಂದೆ ನೋಡದೆ ಕೂರಲು ಹೋದಳು. ಎತ್ತರವಾಗಿದ್ದ ಸೀಟು ಸೊಂಟಕ್ಕೆ ಸಿಗಲಿಲ್ಲ, ಜಾರಿ ಕೆಳಗೆ ಬಿದ್ದಳು. ಕಾಲಿನ ಮೂಳೆ ಮುರಿದಿದೆ. ಸಿಮೆಂಟಿನ ಕಟ್ಟು ಹಾಕಿದ್ದಾರೆ, ಜೀವಕ್ಕೇನೂ ಭಯವಿಲ್ಲವಂತೆ. ದೇವರ ಹೆಸರು ಹೇಳಿ ಹಟ ಮಾಡಿದೆ, ನನ್ನ ಮಾನಕ್ಕಾಗಿ ಕಾರು ಎತ್ತಿಸಿದೆ, ಬಿದ್ದವಳು ಅಮ್ಮ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಈಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಅಂಜಿನಮ್ಮ

ಇದನ್ನೂ ಓದು: ಅಮ್ಮ ಬಿದ್ದಲ್ಲಿಂದಲೇ ಮುನಿಯಲ್ಲಪ್ಪನಿಗೆ, "ಬಚ್ಚಲಲ್ಲಿ ಜಾರಿದ್ಲು ಅಂತ ಹೇಳೋ, ನಮ್ ಅಂಜಿನಿ ಗಂಡನ ಕೈಲಿ ಬೈಸ್ಕೋಬಾರ್ದು" ಅಂದಳು. ಎಲ್ಲರೂ ಅದನ್ನೇ ನಂಬಿದ್ದಾರೆ. ನಿನ್ನೆ ನಿನ್ನ ಭಾವ, ಅಮ್ಮ ಇನ್ನೊಮ್ಮೆ ಜಾರದಿರಲೆಂದು, ಉಳಿ ಹಿಡಿದು ಬಚ್ಚಲ ಚಪ್ಪಡಿಯನ್ನು ಒರಟು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಲ್ಲಿನ ಚೂರು ಗುಡಿಸಿದೆ. ನಿನ್ನ ಉತ್ತರವನ್ನು ಅವರ ಹೆಸರಿಗೇ ಬರೆ. ನಿಜವನ್ನು ನೀನೇ ಹೇಳಿಬಿಡಪ್ಪಾ.