ಹೊಂಗೆ ಮರದ ಕೆಳಗಿನ ದೇವರ ಪಟಗಳು

ರಸ್ತೆ ಶಕೆ ನೂರ ಹನ್ನೆರಡು,
ಎರಡನೆಯ ಶ್ರಾವಣದ ಮೂವತ್ತೆರಡನೇ ದಿನ,
ಹುಲ್ಲುಕಟ್ಟೆ ರಸ್ತೆ, ತಿಪಟೂರು

ಪೂಜ್ಯ ನಾಗವೇಣಿ ಅಜ್ಜಿಯವರಿಗೆ,

ಬೆಳಗಿನ ಜಾವ ಮೂರು ಗಂಟೆಗೆ ರಸ್ತೆಯಲ್ಲಿ ಏನೋ ಉರುಳಿಕೊಂಡು ಹೋದ ಸದ್ದಾಗಿ ಎಚ್ಚರವಾಯಿತು. ಮಗು ಏಳಲಿಲ್ಲ, ನಾನು ಎದ್ದೆ. ಹೆತ್ತ ಮೇಲೆ ನನ್ನ ನಿದ್ದೆ ಹೀಗೆಯೇ. ಗಂಡ ಓಂಕಾರ ಮುಸುಕಿನೊಳಗಿಂದಲೇ, "ತೆಂಗಿನಕಾಯಿ ಬಿದ್ದಿರುತ್ತೆ, ಮಲ್ಕೊಳೇ ತಾಯಿ. ರಸ್ತೆ ಎಲ್ಲೂ ಓಡಿಹೋಗಲ್ಲ" ಎಂದ. ಆದರೂ ಹೋಗಿ ನೋಡಿ ಬಂದೆ. ತೆಂಗಿನಕಾಯಿಯೇ. ನಿದ್ದೆ ಮಾತ್ರ ಮರಳಲಿಲ್ಲ, ಬರೆಯಲು ಕುಳಿತೆ.

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಹರಿದುಬಿಡಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೂ ಕ್ಷಮೆ ಇರಲಿ. ಈಗ ನಿಮಗೆ ಇಪ್ಪತ್ತಾರು, ಮದುವೆಯಾಗಿಲ್ಲ, ಕಾಲೇಜಿನಲ್ಲಿ ಪಾಠ ಹೇಳುತ್ತೀರಿ. ನಾನು ನಿಮಗಿಂತ ಒಂದೆರಡು ವರ್ಷ ದೊಡ್ಡವಳು. ನಿಮ್ಮನ್ನು ಅಜ್ಜಿ ಎಂದು ಕರೆಯಲು ನನಗೂ ಮುಜುಗರವೇ. ಆದರೆ ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ಬೇರೆ ಹೇಗೆ ಕರೆಯಲಿ? ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದೊಂದಿದೆ. ಚೊಚ್ಚಲ ಹೆತ್ತವಳು ಹಿಂದಿನ ಕಾಲದ ಒಬ್ಬರಿಗೆ ಒಂದೇ ಒಂದು ಕಾಗದ ಕಳಿಸಬಹುದು. ಹೆಚ್ಚಿನವರು ತಮ್ಮ ಅಜ್ಜಿಗೆ ಬರೆದು ಮಗುವಿನ ಹೊಟ್ಟೆನೋವಿಗೆ ಏನು ತೇಯ್ದು ಹಾಕುತ್ತಿದ್ದಿರಿ ಎಂದು ಕೇಳುತ್ತಾರೆ. ನನ್ನ ಕೋರಿಕೆ ಬೇರೆ.

ಇನ್ನು ರಸ್ತೆ ಶಕೆ. ಅದು ಒಂದು ಭಾನುವಾರದಿಂದ ಎಣಿಕೆಯಾಗುತ್ತದೆ. ಆ ಭಾನುವಾರ ನಿಮಗೆ ನಾಳೆ.

ನಮ್ಮ ಮನೆಯಲ್ಲಿ ಕೇಳಿಕೊಂಡು ಬಂದದ್ದನ್ನೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ನೀವು ಐದಾರು ಜನ ಸೇರಿ ಭಾನುವಾರ ಬೆಳಿಗ್ಗೆ ಈ ರಸ್ತೆಯ ಬದಿಯ ಕಸ ಎತ್ತಲು ಶುರುಮಾಡಿದಿರಿ. ಹೊಂಗೆ ಮರದ ತಿರುವಿನಲ್ಲಿ ಅರ್ಧ ಊರಿನ ಕಸ ಬೀಳುತ್ತಿತ್ತು: ಕೋಳಿ ಅಂಗಡಿಯ ಪುಕ್ಕ, ಛತ್ರದ ಎಂಜಲೆಲೆ, ಕೂಸುಗಳ ಡೈಪರ್ರು. ಎಲ್ಲ ಬಳಿದು, ನೆಲ ಸಾರಿಸಿ, ಇನ್ನು ಯಾರೂ ಇಲ್ಲಿ ಸುರಿಯದಿರಲೆಂದು ದೊಡ್ಡ ರಂಗೋಲಿ ಬಿಟ್ಟಿರಿ. ಅಷ್ಟಕ್ಕೇ ನಿಲ್ಲಿಸದೆ, ಚಂದ ಕಾಣಲಿ ಎಂದು ಪಕ್ಕದ ಮೋಟುಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದಿರಿ. ಎಡವಿದ್ದು ಅಲ್ಲೇ. ಬಿಳಿ ಕೆಂಪು ಪಟ್ಟೆ ಕಂಡರೆ ನಮ್ಮ ಜನಕ್ಕೆ ಅದು ಗುಡಿ! ಮರುವಾರಕ್ಕೆಲ್ಲ ಗಾಜು ಒಡೆದ ಲಕ್ಷ್ಮಿ, ಗೆದ್ದಲು ಹಿಡಿದ ವೆಂಕಟರಮಣ, ಹಳೇ ಕ್ಯಾಲೆಂಡರಿನ ಶಿವಪಾರ್ವತಿ, ಹೀಗೆ ಮನೆಯಲ್ಲಿ ಇಟ್ಟುಕೊಳ್ಳಲಾಗದ, ಬಿಸಾಡಲೂ ಮನಸ್ಸು ಬಾರದ ದೇವರೆಲ್ಲ ಬಂದು ಮರದ ಕೆಳಗೆ ಕುಳಿತರು. "ಕಸ ಓಡಿಸಿ ದೇವ್ರನ್ನ ಕರ್ಕಂಡ್ ಬಂದ್ರಲ್ಲಪ್ಪ ಮೇಡಮ್ಮೋರು" ಎಂದು ಬೇಕರಿಯ ಮುಂದೆ ನಿಮ್ಮನ್ನು ಆಡಿಕೊಂಡರಂತೆ. ರಾಶಿ ಬೆಳೆಯುತ್ತಲೇ ಹೋಯಿತು. ಬೇಸತ್ತ ನೀವು ನಾಳೆ ಬೆಳಿಗ್ಗೆ ಆರಕ್ಕೆ ಕಸದ ಟ್ರ್ಯಾಕ್ಟರಿಗೆ ಹೇಳಿದ್ದೀರಿ.

ಇದೇ ಸಂಜೆ ಅದಕ್ಕೇ ಜಗಳವಾಯಿತು. ನಿಮ್ಮ ಗುಂಪಿನ ಹಿರಿಯರು, ಮಾಜಿ ಕೌನ್ಸಿಲರ್ ಗಿರಿಜಾಂಬ, ಬೀದಿಗೆಲ್ಲ ಕೇಳುವ ದನಿಯಲ್ಲಿ ಕೇಳಿದರು: "ಕೋಳಿ ಪುಕ್ಕದ್ ಜೊತೆ ದೇವ್ರನ್ನ ತುಂಬ್ತೀಯೇನೇ?"

"ಹಂಗಾದ್ರೆ ನಿಮ್ಮನೇಲೇ ಇಟ್ಕೊಳಿ ಗಿರಿಜಕ್ಕ. ಮೂರ್ ಮಹಡಿ ಐತಲ್ಲ."

"ನಾಲ್ಕು ವಾರ ಪೊರಕೆ ಹಿಡಿದ್ಬಿಟ್ಟು ನಂಗೇ ಬುದ್ಧಿ ಹೇಳ್ತೀಯಾ? ಬೆಳಿಗ್ಗೆ ಊರೋರ್ನೆಲ್ಲ ಕರ್ಕಂಡ್ ಬಂದು ಟ್ರ್ಯಾಕ್ಟ್ರಿಗೆ ಅಡ್ಡ ಮಲಗ್ತೀನಿ. ಹತ್ತಿಸ್ಕಂಡ್ ಹೋಗು!"

"ಬೇಡ ಬಿಡಿ. ನಾನೂ ಬರಲ್ಲ, ಗುಂಪೂ ಇಲ್ಲ, ಏನೂ ಇಲ್ಲ."

ಹೀಗೆಂದು ಬಂದು ಮಲಗಿದ್ದೀರಿ. ನಿದ್ದೆ ಬಂದಿಲ್ಲ, ಬಲ್ಲೆ. ನಿದ್ದೆ ಬಾರದಿರುವುದು ನಮ್ಮ ಮನೆತನದ ಆಸ್ತಿ.

ಆ ಗುಂಪು ಮುಂದೆ ಏನಾಯಿತು ಗೊತ್ತೇ? ಈಗ ನಮ್ಮಲ್ಲಿ ಬದಿಕೂಟವಿಲ್ಲದ ಊರಿಲ್ಲ. ರಸ್ತೆಯ ಎರಡು ಬದಿಯನ್ನೂ ನೋಡಿಕೊಳ್ಳುವ ನೆರೆಹೊರೆಯವರ ಕೂಟಕ್ಕೆ ನಾವು ಹಾಗೆನ್ನುತ್ತೇವೆ. ಸಂಬಳವಿಲ್ಲ, ಹೇಳಿಕೆಯಿಲ್ಲ; ಭಾನುವಾರ ಕೋಳಿ ಕೂಗಿದರೆ ಜನ ತಾವಾಗಿ ಚೀಲ ಹಿಡಿದು ಹೊರಡುತ್ತಾರೆ. ಎತ್ತಲು ಅಂಥದ್ದೇನೂ ಇರುವುದಿಲ್ಲ, ಒಣಗರಿ, ಗಾಳಿಗೆ ಹಾರಿಬಂದ ಯಾರದೋ ಹೆಗಲ ವಲ್ಲಿ, ಅಷ್ಟೆ. ಹಾಗಾಗಿ ಮಾತೇ ಜಾಸ್ತಿ; ನಮ್ಮ ಊರಿನ ಸಂಬಂಧಗಳೆಲ್ಲ ಕುದುರುವುದು ಅಲ್ಲಿಯೇ. ರಸ್ತೆಯುದ್ದಕ್ಕೂ ನೇರಳೆ, ಸೀಬೆ, ಹುಣಸೆ. ಶಾಲೆಯ ಮಕ್ಕಳು ಬಿದ್ದ ನೇರಳೆಹಣ್ಣನ್ನು ಊದಿ ಬಾಯಿಗೆ ಹಾಕಿಕೊಳ್ಳುತ್ತವೆ, ಯಾರೂ ಬೇಡವೆನ್ನುವುದಿಲ್ಲ. ಹಸುಗಳು ಬದಿಯಲ್ಲಿ ಮೇಯುತ್ತವೆ. ಅವುಗಳ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆಯುತ್ತಿದ್ದರೆಂದು ಕಾಲೇಜಿನಲ್ಲಿ ಮಣ್ಣಿನ ಪಾಠ ಓದುವಾಗ ನಮ್ಮ ಮೇಷ್ಟ್ರು ಹೇಳಿದರೆ ಯಾರೂ ನಂಬಿರಲಿಲ್ಲ. ಹೋದ ವರ್ಷ ಚರಂಡಿ ಅಗೆಯುವಾಗ ಒಂದು ಗುಟ್ಕಾ ಚೀಟಿ ಸಿಕ್ಕಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ನೋಡಲು ಮಕ್ಕಳ ಸಾಲೇ ಸಾಲು. ಒಬ್ಬ ಪುಟ್ಟಿ ಕೇಳಿದಳು, "ತಿಂದಾದ್ಮೇಲೆ ಇದನ್ನ ಎಲ್ಲಿ ಇಡ್ತಿದ್ರು?"

"ಕೆಳಗೆ ಹಾಕ್ತಿದ್ರು" ಎಂದರು ಅದೇ ಮೇಷ್ಟ್ರು.

"ಕೆಳಗೆ ಅಂದ್ರೆ ಯಾರ ಮನೇಲಿ?"

ನೋಡಿದಿರಾ ಅಜ್ಜಿ? ಗೆದ್ದಿದ್ದೀರಿ ನೀವು!

ಹೋದ ಭಾನುವಾರದ ಸಂಗತಿ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ತಿಪಟೂರಿನಿಂದ ಅರಸೀಕೆರೆಯವರೆಗೆ ಹೊರಟ ಕೂಟಗಳೆಲ್ಲ ಸೊನ್ನೆ ಚೀಲದೊಂದಿಗೆ ಮರಳಿದವು. ಅಂದರೆ ಯಾರ ಚೀಲದಲ್ಲೂ ಏನೇನೂ ಇಲ್ಲ; ಶಕೆ ಹುಟ್ಟಿದ ಮೇಲೆ ಇದೇ ಮೊದಲು. ಖಾಲಿ ಚೀಲಗಳನ್ನು ಗಳಕ್ಕೆ ಕಟ್ಟಿ ಬಾವುಟದಂತೆ ಎತ್ತಿಕೊಂಡು, ತಮಟೆ ಹೊಡೆಸುತ್ತ ಬಂದರು. ಜಗಲಿಯಲ್ಲಿ ಮಗು ಎತ್ತಿಕೊಂಡು ನಿಂತಿದ್ದ ನಾನು ಅತ್ತುಬಿಟ್ಟೆ. ನಮ್ಮತ್ತೆ, "ಬಾಣಂತಿ ಅಳಬಾರ್ದು ಕಣೇ" ಎಂದು ಬೈದು, ಸೆರಗಿನಲ್ಲಿ ತಾವೇ ಕಣ್ಣೊರೆಸಿಕೊಂಡರು.

ಇಷ್ಟೆಲ್ಲ ಆಗಿಹೋಗಿದೆಯಲ್ಲ, ಮತ್ತೇಕೆ ಕಾಗದ ಎನ್ನುವಿರಿ. ಬೆಳಗಾದರೆ ನಮ್ಮ ಮಗಳು ಚಿಗುರಿಗೆ ತೊಟ್ಟಿಲ ನಡಿಗೆ. ಆರು ತಿಂಗಳು ತುಂಬಿದ ಕೂಸನ್ನು ಬರಿಮೈಯಲ್ಲಿ ರಸ್ತೆಬದಿಯ ಮಣ್ಣಿನ ಮೇಲೆ ಬಿಟ್ಟು, ಅದು ತೆವಳಿದಷ್ಟು ನೆಲವನ್ನು ಅದರ ಪಾಲೆಂದು ಗುರುತು ಮಾಡುವ ಶಾಸ್ತ್ರ. ಮುಂದೆ ಅದನ್ನು ನೋಡಿಕೊಳ್ಳುವ ಭಾರ ಅವಳದು. ಆ ನೆಲದ ಮೇಲೆ ನಿನ್ನೆಯಿಂದ ಎಷ್ಟು ಸಲ ಅಂಗೈ ಆಡಿಸಿ ನೋಡಿದ್ದೇನೋ. ಒಂದು ಮೊಳೆ, ಒಂದು ಚೂರು ಗಾಜು? ಏನೂ ಇಲ್ಲ. ಆದರೆ ಭಯ ಹುಡುಕುತ್ತ ಹೋಗಿ ನಿಮ್ಮ ರಾತ್ರಿಗೆ ಬಂದು ನಿಂತಿದೆ.

ಯಾಕೆಂದರೆ ನಾನು ನಿಮ್ಮ ಕಡೆಯವಳು, ಓಂಕಾರ ಗಿರಿಜಾಂಬನವರ ವಂಶದವನು. ನಾವು ಒಬ್ಬರನ್ನೊಬ್ಬರು ಕಂಡದ್ದೇ ಬದಿಕೂಟದಲ್ಲಿ. ಜಗಳವಾದ ಆ ರಾತ್ರಿ ರಾಜಿಗೆ ನೀವೇ ಫೋನ್ ಮಾಡಿದಿರಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಗಿರಿಜಾಂಬನವರೇ ಮಾಡಿದರು ಎಂದು ಅವರ ಮನೆಯಲ್ಲಿ. ನಮ್ಮ ಮದುವೆಯ ಊಟದ ಪಂಕ್ತಿಯಲ್ಲೂ ಇದೇ ವಾದ. "ನಮ್ಮಜ್ಜಿ ಸೋತು ಮಾಡಿದ್ದಲ್ಲ, ದೊಡ್ಡಸ್ತಿಕೆಗೆ ಮಾಡಿದ್ದು" ಎಂದು ಓಂಕಾರನ ದೊಡ್ಡಪ್ಪ ಎಲೆ ಬಿಟ್ಟೇ ಎದ್ದರು. ಹಗಲಲ್ಲಿ ನಗು ಬರುತ್ತದೆ. ಈ ಹೊತ್ತಿನಲ್ಲಿ ಬರುವುದಿಲ್ಲ. ಇಬ್ಬರೂ 'ಅವಳೇ ಮಾಡಲಿ' ಎಂದು ಮಲಗಿದ್ದರೆ? ಆರು ಗಂಟೆಗೆ ಟ್ರ್ಯಾಕ್ಟರು ಬರುತ್ತದೆ, ಗಿರಿಜಾಂಬ ಅಡ್ಡ ಬೀಳುತ್ತಾರೆ, ಊರು ಎರಡಾಗುತ್ತದೆ. ಆಮೇಲೆ ನಿಮ್ಮ ಗುಂಪನ್ನು ಈ ರಸ್ತೆಗೆ ಯಾರೂ ಕಾಲಿಡಲು ಬಿಡುವುದಿಲ್ಲ. ಬದಿಕೂಟವಿಲ್ಲ, ಓಂಕಾರನೂ ನಾನೂ ಸೇರುವುದಿಲ್ಲ, ಪಕ್ಕದಲ್ಲಿ ಬಾಯಿ ತೆರೆದು ಮಲಗಿರುವ ಈ ಕೂಸು ಇಲ್ಲ.

ಏನು ಮಾತಾಡಲಿ ಎಂಬ ಯೋಚನೆಯೇ? ಎರಡೂ ಮನೆಯವರು ಒಪ್ಪುವುದು ಒಂದೇ ಸಂಗತಿ, ನೀವು ಕೇಳಿದ್ದು: "ಅಕ್ಕ, ಪೂಜೆ ಮಾಡಿ ಗಣಪತಿನ ಬಿಡ್ತೀವಲ್ಲ, ಇವ್ರನ್ನೂ ಹಂಗೇ ಬಿಡಬಹುದಾ?" ಅದಕ್ಕೆ ಅವರು, "ಈ ಮಾತ್ನ ಸಂಜೇನೇ ಆಡಕ್ಕೇನಾಗಿತ್ತೇ ನಿಂಗೆ!" ಎಂದರು. ಬೆಳಿಗ್ಗೆ ಟ್ರ್ಯಾಕ್ಟರು ಬರೀ ಕಸ ಹೊತ್ತು ಹೋಯಿತು. ಅಡ್ಡ ಮಲಗಲು ಬಂದ ಜನವೇ ಮಂಗಳಾರತಿ ಎತ್ತಿ, ಚೌಕಟ್ಟು ಬಿಚ್ಚಿ, ಗಾಜು ಮೊಳೆ ಬೇರೆ ಮಾಡಿ, ಕಾಗದವನ್ನು ಅರಿಶಿನದ ನೀರಿನಲ್ಲಿ ನೆನೆಸಿ ಹೊಂಗೆಯ ಬುಡಕ್ಕೆ ಹಾಕಿದರು. ಅದನ್ನೇ ನಾವು ಪಟ ಬಿಡುವುದು ಎನ್ನುತ್ತೇವೆ. ಕೆಲಸ ಮುಗಿದ ಮೇಲೆ ಒಬ್ಬರೂ ಮನೆಗೆ ಹೋಗಲಿಲ್ಲ, ಚೀಲ ಕೇಳಿ ಇಸಿದುಕೊಂಡು ರಸ್ತೆಗಿಳಿದರು.

ಗಿರಿಜಾಂಬನವರೂ ಮಲಗಿಲ್ಲ. ಬೈಯುತ್ತಾರೆ, ಬೈಸಿಕೊಳ್ಳಿ. ಯಾರು ಮೊದಲು ಮಾಡಿದರೆಂಬ ಗೌರವ ಬೇಕಾದರೆ ಅವರ ಮನೆಗೇ ಹೋಗಲಿ, ನಮ್ಮವರನ್ನು ನಾನು ಸಮಾಧಾನ ಮಾಡುತ್ತೇನೆ. ಕೈಮುಗಿದು ಕೇಳುತ್ತೇನೆ ಅಜ್ಜಿ, ಫೋನ್ ತೆಗೆದುಕೊಳ್ಳಿ. ಬೆಳಗಾಗುವ ಮುಂಚೆ, ಈಗಲೇ, ಅವರಿಗೊಂದು ಫೋನ್ ಮಾಡಿ.

ನಿಮ್ಮ
ಇಬ್ಬನಿ