ಬಾವುಟದಡಿಯ ಹೆಸರು

ಅಪ್ಪಾ,

ಕಿಟಕಿಯ ಹತ್ತಿರವಿರುವ ನನ್ನ ಪುಟ್ಟ ಹಡಗನ್ನು ಮುಟ್ಟಬೇಡ, ವಾರ್ನಿಷ್ ಒಣಗಿಲ್ಲ. ಒಲೆಯ ಮೇಲೆ ಮೀನಿನ ಸಾರಿದೆ, ಬಿಸಿಮಾಡಿಕೋ.

“ಹೆಣ್ಮಕ್ಳು ಕಟ್ಟಿದ್ ಹಡಗು ಬಚ್ಚಲಲ್ಲೂ ತೇಲಲ್ಲ” ಅಂದಿದ್ದೆಯಲ್ಲ? ನಕ್ಷೆಯಿಲ್ಲದೆ, ನಿನ್ನ ಹಾಗೆ ಕಣ್ಣಳತೆಯಲ್ಲೇ, ಸೀಡರ್ ಮರದ ಕೊಂಬೆಯಿಂದ ಹಡಗಿನ ಒಂದೊಂದೇ ಪಕ್ಕೆಲುಬು ಕೆತ್ತಿ ಕಟ್ಟಿದ್ದೇನೆ. ನಿನ್ನೆ ಮಳೆನೀರಿನ ತೊಟ್ಟಿಯಲ್ಲಿ ತೇಲಿತು, ವಾಲಲೂ ಇಲ್ಲ.

ಹಡಗಿನ ಹಿಂಬದಿಯಲ್ಲಿರುವ ಹೆಸರಿಗೆ ಬಾವುಟ ಹೊದಿಸಿದ್ದೇನೆ. ನೀರಿಗಿಳಿಸುವ ದಿನದವರೆಗೆ ಹೆಸರು ನೋಡಬಾರದು ಎನ್ನುವವನು ನೀನೇ. ಆದರೂ ಎತ್ತಿ ನೋಡುತ್ತೀಯ, ಗೊತ್ತು. ಅದಕ್ಕೇ ಹೇಳಿಬಿಡುತ್ತೇನೆ: ‘ಯೂಲಾಲಿ’. ಅಮ್ಮನ ಹೆಸರು, ಅವಳು ಮನೆ ಬಿಟ್ಟ ದಿನ ನಿನ್ನ ಹಡಗಿನಿಂದ ನೀನು ಉಜ್ಜಿ ಅಳಿಸಿದ ಹೆಸರು.

ಬೆಳಗಿನ ದೋಣಿಗೆ ಅಮ್ಮನಿರುವ ಗ್ರೆನಡಾ ದ್ವೀಪಕ್ಕೆ ಹೊರಟೆ. ಭಾನುವಾರ ಹಡಗು ನೀರಿಗಿಳಿಸುವಾಗ ಬಾವುಟ ಸರಿಸಲು ಅವಳನ್ನೇ ಕರೆತರುತ್ತೇನೆ.

ಉಜ್ಜುವ ಕಾಗದ ಹುಡುಕಬೇಡ. ಈ ಸಲ ಬಣ್ಣದಲ್ಲಿ ಬರೆದಿಲ್ಲ. ನಿನ್ನ ಉಳಿಯಲ್ಲೇ ಕೊರೆದಿದ್ದೇನೆ.

ಜೆನೆತಾ